ಜ್ವಾಲಾಮುಖಿ ಹುಟ್ಟುವ ಬಗೆ ಮತ್ತು ಅದರ ಭಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತದಲ್ಲಿ ಇಂದಿಗೂ ಜಾಗೃತವಾಗಿರುವ ಜ್ವಾಲಾಮುಖಿ ಒಂದೇ. ಅದು ಅಂಡಮಾನ್ ಸಮುದ್ರದಲ್ಲಿ, ಪೋರ್ಟ್ ಬ್ಲೇರ್‌ನಿಂದ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿರುವ ಬ್ಯಾರನ್ ದ್ವೀಪ. ಪಠ್ಯಪುಸ್ತಕಗಳಲ್ಲಿ ಬಿಡಿಬಿಡಿಯಾಗಿ ಹೇಳುವ ಭಾಗಗಳಲ್ಲಿ ಹಲವು ಈ ಪುಟ್ಟ ದ್ವೀಪದಲ್ಲಿ ಒಟ್ಟಿಗೇ ಕಾಣಸಿಗುವುದರಿಂದ, ಕೆಳಗಿನ ಉತ್ತರಗಳಲ್ಲಿ ಸಾಧ್ಯವಾದ ಕಡೆಯೆಲ್ಲ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಅಲ್ಲಿ ಸಿಗದ ಸಂಗತಿಗಳಿಗೆ ಹವಾಯಿ, ಫಿಲಿಪೀನ್ಸ್, ಮೆಕ್ಸಿಕೊ ಮತ್ತು ನಮ್ಮದೇ ಉತ್ತರ ಕರ್ನಾಟಕದ ನೆಲವನ್ನು ನೋಡಬಹುದು.

ಜ್ವಾಲಾಮುಖಿ ಎಂದರೆ ಬೆಂಕಿ ಉಗುಳುವ ಬೆಟ್ಟವೇ?

ಬೆಟ್ಟವೇ ಆಗಬೇಕೆಂದಿಲ್ಲ. ಭೂಮಿಯ ಆಳದಲ್ಲಿ ಕರಗಿದ ಬಂಡೆಯೂ ಅದರೊಂದಿಗೆ ಬೆರೆತ ಅನಿಲಗಳೂ ಮೇಲ್ಮೈಗೆ ಬರುವ ದಾರಿ ಮತ್ತು ಆ ದಾರಿಯ ಸುತ್ತ ನಿರ್ಮಾಣವಾಗುವ ರಚನೆ, ಇವೆರಡೂ ಸೇರಿದ್ದು ಜ್ವಾಲಾಮುಖಿ. ಹೊರಬಂದ ವಸ್ತು ದ್ವಾರದ ಸುತ್ತಲೇ ಗುಡ್ಡೆಯಾದರೆ ಬೆಟ್ಟವಾಗುತ್ತದೆ. ತೆಳುವಾಗಿ ದೂರದವರೆಗೆ ಹರಿದುಹೋದರೆ ಪ್ರಸ್ಥಭೂಮಿಯಾಗುತ್ತದೆ. ಮೇಲಿನ ನೆಲವೇ ಕುಸಿದರೆ ದೊಡ್ಡ ತಗ್ಗಾಗುತ್ತದೆ. ಇತರ ಬೆಟ್ಟಗಳಿಗೂ ಇದಕ್ಕೂ ಇರುವ ಮೂಲ ವ್ಯತ್ಯಾಸವನ್ನು ಗಮನಿಸಬೇಕು. ಹಿಮಾಲಯದಂತಹ ಪರ್ವತಗಳು ಇದ್ದ ನೆಲವೇ ಒತ್ತಡಕ್ಕೆ ಸಿಕ್ಕಿ ಮಡಿಸಿಕೊಂಡು ಮೇಲೆದ್ದವು, ಆದರೆ ಜ್ವಾಲಾಮುಖಿಯು ತನ್ನೊಳಗಿಂದ ಬಂದ ವಸ್ತುವಿನಿಂದ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ.

ಭೂಮಿಯ ಒಳಗೆಲ್ಲ ಕರಗಿದ ಬಂಡೆಯೇ ತುಂಬಿದೆಯೇ?

ಇಲ್ಲ. ಈ ವಿಷಯದಲ್ಲಿ ಅತಿ ಹೆಚ್ಚು ಹರಡಿರುವ ತಪ್ಪು ತಿಳಿವಳಿಕೆ ಇದೇ ಆಗಿದ್ದು, ಇದನ್ನು ಮೊದಲು ಸರಿಪಡಿಸಿಕೊಳ್ಳದೆ ಮುಂದಿನದು ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ. ಭೂಚಿಪ್ಪಿನ ದಪ್ಪ ಖಂಡಗಳ ಕೆಳಗೆ ಸಾಮಾನ್ಯವಾಗಿ 30ರಿಂದ 50 ಕಿಲೋಮೀಟರ್, ಸಾಗರಗಳ ಕೆಳಗೆ ಆರೇಳು ಕಿಲೋಮೀಟರ್ ಮಾತ್ರ. ಅದರ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದವರೆಗೆ ಇರುವುದು ಮ್ಯಾಂಟಲ್. ಈ ಮ್ಯಾಂಟಲ್ ಬಹುಮಟ್ಟಿಗೆ ಘನ ಬಂಡೆಯೇ. ಅದು ಅತ್ಯಂತ ಬಿಸಿಯಾಗಿರುವುದರಿಂದ ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಬಲು ನಿಧಾನವಾಗಿ ಚಲಿಸುತ್ತದೆ, ಆದರೆ ದ್ರವವಾಗಿರುವುದಿಲ್ಲ. ನಿಜವಾಗಿ ದ್ರವರೂಪದಲ್ಲಿರುವ ಪದರವೆಂದರೆ ಅದಕ್ಕೂ ಕೆಳಗಿನ ಹೊರ ಕೇಂದ್ರಗೋಳ. ಅದು ಮುಖ್ಯವಾಗಿ ಕಬ್ಬಿಣ ಮತ್ತು ನಿಕ್ಕಲ್‌ನಿಂದ ಆದದ್ದು, ಮತ್ತು ಜ್ವಾಲಾಮುಖಿಯಿಂದ ಹೊರಬರುವ ಲಾವಾರಸ ಅಲ್ಲಿಂದ ಬಂದದ್ದಲ್ಲ.

ಹೀಗಾಗಿ, ಭೂಮಿಯ ಚಿತ್ರದಲ್ಲಿ ತೆಳು ಸಿಪ್ಪೆಯ ಕೆಳಗೆ ಕೆಂಪು ದ್ರವದ ಸಾಗರವನ್ನು ತೋರಿಸಿ, ಅದು ಸಿಕ್ಕಿದ ಬಿರುಕಿನಲ್ಲೆಲ್ಲ ಚಿಮ್ಮುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವುದನ್ನು ನಿಲ್ಲಿಸಬೇಕು ಎಂಬುದು ಈ ಲೇಖಕರ ಸ್ಪಷ್ಟ ಅಭಿಪ್ರಾಯ. ಒಳಗೆಲ್ಲ ದ್ರವವೇ ಇದ್ದಿದ್ದರೆ ಜ್ವಾಲಾಮುಖಿಗಳು ಎಲ್ಲೆಂದರಲ್ಲಿ ಇರಬೇಕಾಗಿತ್ತು. ಅವು ಕೆಲವೇ ಪಟ್ಟಿಗಳಲ್ಲಿ ಸಾಲುಗಟ್ಟಿ ನಿಂತಿರುವುದಕ್ಕೆ ಕಾರಣ, ಬಂಡೆ ಕರಗಲು ಅನುಕೂಲವಾದ ಪರಿಸ್ಥಿತಿ ಕೆಲವೇ ಜಾಗಗಳಲ್ಲಿ ಒದಗುವುದು.

ಹಾಗಾದರೆ ಗಟ್ಟಿ ಬಂಡೆ ಕರಗುವುದು ಹೇಗೆ?

ಬಿಸಿ ಹೆಚ್ಚಾದಾಗ ಕರಗುತ್ತದೆ ಎಂದು ನಾವು ಸಹಜವಾಗಿ ಊಹಿಸುತ್ತೇವೆ. ಆದರೆ ಭೂಗರ್ಭದಲ್ಲಿ ಹೆಚ್ಚಿನ ಶಿಲಾರಸ (ನೆಲದೊಳಗಿರುವ ಕರಗಿದ ಬಂಡೆ; ಅದೇ ಮೇಲ್ಮೈಗೆ ಬಂದಾಗ ಲಾವಾರಸ) ಹುಟ್ಟುವುದು ಬೇರೆ ಎರಡು ಕಾರಣಗಳಿಂದ.

ಮೊದಲನೆಯದು ಒತ್ತಡ ಇಳಿಯುವುದು. ಮೇಲಿರುವ ಬಂಡೆಗಳ ಭಾರ ಹೆಚ್ಚಿದಷ್ಟೂ ಕೆಳಗಿನ ಬಂಡೆ ಕರಗಲು ಬೇಕಾದ ಉಷ್ಣತೆಯೂ ಹೆಚ್ಚುತ್ತದೆ. ಮ್ಯಾಂಟಲ್ ಅಷ್ಟು ಬಿಸಿಯಾಗಿದ್ದರೂ ಘನವಾಗಿಯೇ ಉಳಿದಿರುವುದು ಈ ಕಾರಣಕ್ಕಾಗಿ. ಆಳದ ಬಿಸಿ ಬಂಡೆ ನಿಧಾನವಾಗಿ ಮೇಲಕ್ಕೆ ಏರುವಾಗ ಅದರ ಉಷ್ಣತೆ ಅಷ್ಟಾಗಿ ಇಳಿಯುವುದಿಲ್ಲ, ಆದರೆ ಅದರ ಮೇಲಿನ ಒತ್ತಡ ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಒಂದು ಹಂತದಲ್ಲಿ, ಹೊರಗಿನಿಂದ ಹೊಸದಾಗಿ ಯಾವ ಬಿಸಿಯೂ ಸೇರದಿದ್ದರೂ, ಅದರ ಒಂದು ಸಣ್ಣ ಪಾಲು ಕರಗತೊಡಗುತ್ತದೆ. ಭೂಫಲಕಗಳು, ಅಂದರೆ ಭೂಮಿಯ ಗಟ್ಟಿ ಹೊರಪದರದ ಬೃಹತ್ ತುಂಡುಗಳು, ಒಂದರಿಂದೊಂದು ದೂರ ಸರಿಯುವ ಸಾಗರಮಧ್ಯದ ಏಣುಗಳಲ್ಲಿ ನಡೆಯುವುದು ಇದೇ. ಭೂಮಿಯ ಮೇಲೆ ಹುಟ್ಟುವ ಶಿಲಾರಸದ ಬಹುಪಾಲು ಹೀಗೆ ಸಮುದ್ರದ ತಳದಲ್ಲಿ, ನಮ್ಮ ಕಣ್ಣಿಗೆ ಬೀಳದಂತೆ ಹೊರಬರುತ್ತದೆ. ಐಸ್‌ಲ್ಯಾಂಡ್‌ನಲ್ಲಿ ಮಾತ್ರ ಆ ಏಣು ನೀರಿನ ಮೇಲೆ ತಲೆ ಎತ್ತಿರುವುದರಿಂದ ಅದನ್ನು ನೆಲದ ಮೇಲೆ ನಿಂತೇ ನೋಡಲು ಸಾಧ್ಯ.

ಎರಡನೆಯದು ನೀರು. ಬಿಸಿ ಬಂಡೆಗೆ ನೀರು ಸೇರಿದರೆ ಅದು ಕರಗುವ ಉಷ್ಣತೆ ಗಣನೀಯವಾಗಿ ಇಳಿಯುತ್ತದೆ. ಸಾಗರದ ತಳದ ಫಲಕವೊಂದು ಮತ್ತೊಂದು ಫಲಕದ ಕೆಳಗೆ ಜಾರಿ ಇಳಿಯುವಾಗ ತನ್ನ ಖನಿಜಗಳಲ್ಲಿ ಹಿಡಿದಿಟ್ಟುಕೊಂಡಿದ್ದ ನೀರನ್ನೂ ಆಳಕ್ಕೆ ಒಯ್ಯುತ್ತದೆ. ಸುಮಾರು 100 ಕಿಲೋಮೀಟರ್ ಆಳದ ಸುತ್ತಮುತ್ತ ಆ ನೀರು ಬಿಡುಗಡೆಯಾಗಿ ಮೇಲಿನ ಮ್ಯಾಂಟಲ್ ಬಂಡೆಯನ್ನು ಸೇರುತ್ತದೆ, ಮತ್ತು ಆ ಬಂಡೆ ಕರಗತೊಡಗುತ್ತದೆ. ಇಲ್ಲಿ ಕರಗುವುದು ಮುಖ್ಯವಾಗಿ ಕೆಳಕ್ಕೆ ಇಳಿದ ಫಲಕವಲ್ಲ, ಅದರ ಮೇಲಿರುವ ಮ್ಯಾಂಟಲ್ ಎಂಬುದನ್ನು ನೆನಪಿಡಬೇಕು.

ಬಿಸಿಯೇ ನೇರವಾಗಿ ಕೆಲಸ ಮಾಡುವ ಸಂದರ್ಭವೂ ಉಂಟು. ಆಳದಿಂದ ಬಂದ ಶಿಲಾರಸ ಭೂಚಿಪ್ಪಿನೊಳಗೆ ತಂಗಿದಾಗ, ಅದರ ಶಾಖಕ್ಕೆ ಸುತ್ತಲಿನ ಬಂಡೆಯೂ ಕರಗಿ ಅದರೊಂದಿಗೆ ಬೆರೆಯಬಹುದು.

ಬ್ಯಾರನ್ ದ್ವೀಪ ಇವುಗಳಲ್ಲಿ ಯಾವ ಬಗೆಯಿಂದ ಹುಟ್ಟಿತು?

ನೀರಿನಿಂದ ಬಂಡೆ ಕರಗುವ ಬಗೆಯಿಂದ. ಭಾರತದ ಫಲಕವು ಅಂಡಮಾನ್ ದ್ವೀಪಸಾಲಿನ ಪಶ್ಚಿಮಕ್ಕಿರುವ ಸಾಗರಕಂದಕದಲ್ಲಿ ಪೂರ್ವದ ಫಲಕದ ಕೆಳಕ್ಕೆ ಇಳಿಯುತ್ತಿದೆ. 2004ರ ಡಿಸೆಂಬರ್ 26ರ ಮಹಾಭೂಕಂಪ ಮತ್ತು ಸುನಾಮಿ ಉಂಟಾದದ್ದು ಇದೇ ಗಡಿಯಲ್ಲಿ. ಇಳಿದ ಫಲಕ ಸಾಕಷ್ಟು ಆಳವನ್ನು ತಲುಪುವಷ್ಟರಲ್ಲಿ ಕಂದಕದಿಂದ ಪೂರ್ವಕ್ಕೆ ದೂರ ಸಾಗಿರುತ್ತದೆ. ಆದ್ದರಿಂದ ಜ್ವಾಲಾಮುಖಿಗಳು ಕಂದಕದ ಮೇಲೆ ಹುಟ್ಟದೆ, ಅದಕ್ಕೆ ಸಮಾನಾಂತರವಾಗಿ ಪೂರ್ವದಲ್ಲಿ ಸಾಲುಗಟ್ಟುತ್ತವೆ. ಬ್ಯಾರನ್, ಅದರ ಉತ್ತರಕ್ಕಿರುವ ನಾರ್ಕಾಂಡಮ್, ದಕ್ಷಿಣದಲ್ಲಿ ಸುಮಾತ್ರಾದ ಜ್ವಾಲಾಮುಖಿಗಳು ಇವೆಲ್ಲ ಒಂದೇ ಸಾಲಿಗೆ ಸೇರಿದವು.

ಸಮುದ್ರಮಟ್ಟದಿಂದ ಬ್ಯಾರನ್‌ನ ಎತ್ತರ ಸುಮಾರು 350 ಮೀಟರ್ ಮಾತ್ರ. ಆದರೆ ಅದರ ಬುಡವಿರುವುದು ನೀರಿನ ಕೆಳಗೆ 2,000 ಮೀಟರ್‌ಗೂ ಹೆಚ್ಚು ಆಳದ ಸಮುದ್ರತಳದಲ್ಲಿ. ನಮಗೆ ಕಾಣುವ ಸುಮಾರು ಮೂರು ಕಿಲೋಮೀಟರ್ ಅಗಲದ ದ್ವೀಪವು ಮುಳುಗಿರುವ ದೊಡ್ಡದೊಂದು ಬೆಟ್ಟದ ತುದಿಯಷ್ಟೇ.

ಫಲಕದ ಅಂಚಿನಿಂದ ಅಷ್ಟು ದೂರವಿರುವ ಹವಾಯಿಯಲ್ಲಿ ಜ್ವಾಲಾಮುಖಿ ಹೇಗೆ ಬಂತು?

ಹವಾಯಿ ಇರುವುದು ಪೆಸಿಫಿಕ್ ಫಲಕದ ನಡುವೆ. ಅಲ್ಲಿ ಮ್ಯಾಂಟಲ್‌ನ ಆಳದಿಂದ ಹೆಚ್ಚು ಬಿಸಿಯಾದ ಬಂಡೆ ಕಂಬದಂತೆ ಮೇಲೇರುತ್ತದೆ ಎಂಬುದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ. ಇಂತಹ ಜಾಗಗಳನ್ನು ಹಾಟ್‌ಸ್ಪಾಟ್ ಎನ್ನುತ್ತಾರೆ. ಹಾಟ್‌ಸ್ಪಾಟ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಮೇಲಿನ ಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರ್‌ಗಳಂತೆ ವಾಯವ್ಯಕ್ಕೆ ಸರಿಯುತ್ತದೆ. ಆದ್ದರಿಂದ ಆಗ್ನೇಯ ತುದಿಯ ದೊಡ್ಡ ದ್ವೀಪದಲ್ಲಿ ಕಿಲವೇಯಾ ಮತ್ತು ಮೌನಾ ಲೋಆ ಇಂದಿಗೂ ಜಾಗೃತವಾಗಿವೆ; ವಾಯವ್ಯಕ್ಕೆ ಹೋದಂತೆ ದ್ವೀಪಗಳು ಹಳೆಯವಾಗುತ್ತಾ, ಸವೆಯುತ್ತಾ, ಕೊನೆಗೆ ನೀರಿನಲ್ಲಿ ಮುಳುಗಿದ ಬೆಟ್ಟಗಳಾಗಿ ಮುಂದುವರಿಯುತ್ತವೆ.

ಶಿಲಾರಸ ನೇರವಾಗಿ ಮೇಲಕ್ಕೆ ಚಿಮ್ಮುತ್ತದೆಯೇ, ನಡುವೆ ಎಲ್ಲಾದರೂ ತಂಗುತ್ತದೆಯೇ?

ಬಹುತೇಕ ಎಲ್ಲ ಜ್ವಾಲಾಮುಖಿಗಳಲ್ಲೂ ತಂಗುತ್ತದೆ. ಕರಗಿದ ಬಂಡೆಯು ಸುತ್ತಲಿನ ಘನ ಬಂಡೆಗಿಂತ ಹಗುರವಾದುದರಿಂದ ಮೇಲೇರುತ್ತದೆ. ಭೂಚಿಪ್ಪಿನ ಮೇಲುಭಾಗದಲ್ಲಿ ಬಂಡೆಗಳ ಸಾಂದ್ರತೆ ಕಡಿಮೆ, ಹಾಗಾಗಿ ಶಿಲಾರಸವನ್ನು ಮೇಲೆತ್ತುವ ಬಲವೂ ಅಲ್ಲಿ ತಗ್ಗುತ್ತದೆ, ಮತ್ತು ಅದು ಮೇಲ್ಮೈಯಿಂದ ಕೆಲವು ಕಿಲೋಮೀಟರ್‌ಗಳ ಕೆಳಗೆ ಶೇಖರವಾಗುತ್ತದೆ. ಇದನ್ನು ಶಿಲಾರಸದ ಕೋಶ ಎನ್ನುತ್ತಾರೆ. ಒಂದು ಜ್ವಾಲಾಮುಖಿಗೆ ಬೇರೆ ಬೇರೆ ಆಳಗಳಲ್ಲಿ ಇಂತಹ ಹಲವು ಕೋಶಗಳು ಇರಬಹುದು.

ಕೋಶವನ್ನು ದ್ರವ ತುಂಬಿದ ಗುಹೆಯಂತೆ ಕಲ್ಪಿಸಿಕೊಳ್ಳಬಾರದು. ಭೂಕಂಪದ ಅಲೆಗಳ ಅಧ್ಯಯನದಿಂದ ತಿಳಿದುಬಂದಂತೆ, ಅದರ ಬಹುಭಾಗ ಒತ್ತೊತ್ತಾಗಿ ಸೇರಿದ ಹರಳುಗಳು ಮತ್ತು ಅವುಗಳ ಸಂದುಗಳಲ್ಲಿ ತುಂಬಿದ ದ್ರವದ ಮಿಶ್ರಣವಾಗಿರುತ್ತದೆ. ಇಲ್ಲಿ ಶಿಲಾರಸ ತಣಿಯುತ್ತಾ ಬಂದಂತೆ ಕಬ್ಬಿಣ ಮತ್ತು ಮೆಗ್ನೀಸಿಯಂ ಹೆಚ್ಚಾಗಿರುವ ಹರಳುಗಳು ಮೊದಲು ಬೇರ್ಪಡುತ್ತವೆ, ಉಳಿದ ದ್ರವದಲ್ಲಿ ಸಿಲಿಕಾ (ಮರಳಿನ ಮುಖ್ಯ ಅಂಶ; ಇದು ಹೆಚ್ಚಿದಷ್ಟೂ ಶಿಲಾರಸ ಅಂಟಾಗುತ್ತದೆ) ಮತ್ತು ಅನಿಲಗಳ ಪ್ರಮಾಣ ಏರುತ್ತದೆ. ಮುಂದಿನ ಸ್ಫೋಟ ಎಷ್ಟು ಭೀಕರವಾಗಿರುತ್ತದೆ ಎಂಬುದು ದೊಡ್ಡ ಮಟ್ಟಿಗೆ ನಿರ್ಧಾರವಾಗುವುದು ಈ ಹಂತದಲ್ಲಿ. ಆದ್ದರಿಂದಲೇ, ಕಣ್ಣಿಗೆ ಕಾಣುವ ಶಿಖರಕ್ಕಿಂತ ಕಾಣದ ಈ ಕೋಶವೇ ಜ್ವಾಲಾಮುಖಿಯ ಮುಖ್ಯ ಭಾಗ ಎನ್ನಬೇಕು.

ಕೊಳವೆ, ದ್ವಾರ ಮತ್ತು ಕುಂಡ ಎಂದರೆ ಯಾವುವು?

ಕೋಶದಿಂದ ಶಿಲಾರಸ ಮೇಲೇರುವ ಮಾರ್ಗವೇ ಕೊಳವೆ. ಹೊಸ ಜ್ವಾಲಾಮುಖಿಯಲ್ಲಿ ಅದು ಸಾಮಾನ್ಯವಾಗಿ ಉದ್ದನೆಯ ಬಿರುಕಾಗಿ ಆರಂಭವಾಗುತ್ತದೆ. ಬಿರುಕಿನ ಕಿರಿದಾದ ಭಾಗಗಳಲ್ಲಿ ಶಿಲಾರಸ ಬೇಗ ಹೆಪ್ಪುಗಟ್ಟಿ, ಹರಿವು ಒಂದೆರಡು ಕಡೆ ಕೇಂದ್ರೀಕರಿಸಿದಾಗ ಅದು ದುಂಡನೆಯ ಕೊಳವೆಯ ಆಕಾರ ಪಡೆಯುತ್ತದೆ. ಕೊಳವೆ ಮೇಲ್ಮೈಯನ್ನು ಮುಟ್ಟುವ ಬಾಯಿಯೇ ದ್ವಾರ. ಸ್ಫೋಟಗಳಿಂದ ದ್ವಾರದ ಸುತ್ತ ಬೋಗುಣಿಯಾಕಾರದಲ್ಲಿ ತೆರೆದುಕೊಳ್ಳುವ ತಗ್ಗು ಕುಂಡ. ಶಿಲಾರಸ ಹೊರಬರದೆ ಬರಿಯ ಹಬೆ ಮತ್ತು ಅನಿಲಗಳು ಹೊಮ್ಮುವ ರಂಧ್ರಗಳೂ ಬೆಟ್ಟದ ಮೇಲೆ ಅಲ್ಲಲ್ಲಿ ಇರುತ್ತವೆ. ಅವುಗಳ ಸುತ್ತಲಿನ ಕಲ್ಲುಗಳ ಮೇಲೆ ಹಳದಿ ಗಂಧಕ ಕಟ್ಟಿಕೊಂಡಿರುವುದನ್ನು ಹಲವು ಕಡೆ ನೋಡಬಹುದು.

ಕುಂಡಕ್ಕೂ ಕ್ಯಾಲ್ಡೆರಾಕ್ಕೂ ಏನು ವ್ಯತ್ಯಾಸ?

ಕುಂಡ ಆಗುವುದು ವಸ್ತು ಹೊರಕ್ಕೆ ಎಸೆಯಲ್ಪಟ್ಟು, ಕ್ಯಾಲ್ಡೆರಾ ಆಗುವುದು ನೆಲ ಕುಸಿದು. ಭಾರಿ ಸ್ಫೋಟದಲ್ಲಿ ಕೋಶದ ಶಿಲಾರಸ ಬೇಗನೆ ಬರಿದಾದರೆ ಮೇಲಿನ ಛಾವಣಿಗೆ ಆಸರೆಯಿಲ್ಲದಂತಾಗಿ ಅದು ಒಳಕ್ಕೆ ಕುಸಿಯುತ್ತದೆ. ಕುಂಡದ ಅಗಲ ಸಾಮಾನ್ಯವಾಗಿ ಕೆಲವು ನೂರು ಮೀಟರ್. ಕ್ಯಾಲ್ಡೆರಾದ ಅಗಲ ಒಂದೆರಡು ಕಿಲೋಮೀಟರ್‌ನಿಂದ ಹಿಡಿದು ಹತ್ತಾರು ಕಿಲೋಮೀಟರ್‌ವರೆಗೂ ಹೋಗುತ್ತದೆ. ಸುಮಾತ್ರಾದ ಟೋಬಾ ಸರೋವರ ಸುಮಾರು 100 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲದ ಕ್ಯಾಲ್ಡೆರಾದಲ್ಲಿ ನಿಂತ ನೀರು. ಸುಮಾರು 74,000 ವರ್ಷಗಳ ಹಿಂದೆ ಅಲ್ಲಿ ನಡೆದ ಸ್ಫೋಟದ ಬೂದಿ ಭಾರತದ ಹಲವು ನದಿ ಕಣಿವೆಗಳಲ್ಲಿ ಪದರವಾಗಿ ಸಿಕ್ಕಿದೆ, ನಮ್ಮ ನೆರೆಯ ಆಂಧ್ರಪ್ರದೇಶದ ಜ್ವಾಲಾಪುರಂನಲ್ಲೂ ಸಿಕ್ಕಿದೆ.

ಬ್ಯಾರನ್‌ನಲ್ಲಿ ಎರಡೂ ಇವೆ. ದ್ವೀಪದ ನಡುವೆ ಸುಮಾರು ಎರಡು ಕಿಲೋಮೀಟರ್ ಅಗಲದ ಹಳೆಯ ಕ್ಯಾಲ್ಡೆರಾ, ಅದರ ಸುತ್ತ ಕಡಿದಾದ ಗೋಡೆ, ಅದರ ನಡುವೆ ಈಚಿನ ಸ್ಫೋಟಗಳಿಂದ ಬೆಳೆದ ಶಂಕು, ಆ ಶಂಕುವಿನ ನೆತ್ತಿಯಲ್ಲಿ ಕುಂಡ. ಗೋಡೆಯು ಪಶ್ಚಿಮದಲ್ಲಿ ತೆರೆದುಕೊಂಡಿದ್ದು, ಲಾವಾರಸ ಅದೇ ದಾರಿಯಲ್ಲಿ ಹರಿದು ಸಮುದ್ರವನ್ನು ಸೇರಿದೆ.

ವೃತ್ತಾಕಾರದ ತಗ್ಗುಗಳೆಲ್ಲ ಜ್ವಾಲಾಮುಖಿಯವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಮಹಾರಾಷ್ಟ್ರದ ಲೋನಾರ್ ಸರೋವರ ಇರುವುದು ಜ್ವಾಲಾಮುಖಿ ಶಿಲೆಯ ಮೇಲೆ, ಆದರೆ ಆ ತಗ್ಗು ಉಂಟಾದದ್ದು ಉಲ್ಕೆಯ ಅಪ್ಪಳಿಕೆಯಿಂದ.

ಶಿಲಾರಸ ಯಾವಾಗಲೂ ನೆತ್ತಿಯಿಂದಲೇ ಹೊರಬರುತ್ತದೆಯೇ?

ಬರಬೇಕೆಂದಿಲ್ಲ. ಮುಖ್ಯ ಕೊಳವೆಯಿಂದ ಕವಲೊಡೆದ ಬಿರುಕುಗಳು ಬೆಟ್ಟದ ಪಕ್ಕದಲ್ಲಿ ತೆರೆದುಕೊಂಡರೆ ಅಲ್ಲಿ ಉಪಶಂಕುಗಳು ಬೆಳೆಯುತ್ತವೆ. ಇಟಲಿಯ ಎಟ್ನಾದ ಇಳಿಜಾರುಗಳಲ್ಲಿ ಇಂತಹ ಶಂಕುಗಳು ನೂರಾರಿವೆ.

ಮೇಲ್ಮೈಯನ್ನು ಮುಟ್ಟದೆ ಒಳಗೇ ಹೆಪ್ಪುಗಟ್ಟುವ ಶಿಲಾರಸವೂ ಬಹಳ. ಇರುವ ಪದರಗಳನ್ನು ಅಡ್ಡಲಾಗಿ ಸೀಳಿಕೊಂಡು ಗೋಡೆಯಂತೆ ನಿಂತರೆ ಅದು ಡೈಕ್. ಪದರಗಳ ನಡುವೆ ಹಾಸಿನಂತೆ ಹರಡಿಕೊಂಡರೆ ಅದು ಸಿಲ್. ಕನಕಪುರ, ಚಾಮರಾಜನಗರಗಳ ಕಡೆ ಕ್ವಾರಿಗಳಲ್ಲಿ ತೆಗೆಯುವ, ಹೊಳಪು ಕೊಟ್ಟರೆ ಕನ್ನಡಿಯಂತಾಗುವ ಕರಿಕಲ್ಲು ಇಂತಹ ಪ್ರಾಚೀನ ಡೈಕ್‌ಗಳ ಶಿಲೆ. ವ್ಯಾಪಾರದಲ್ಲಿ ಅದನ್ನು ಗ್ರಾನೈಟ್ ಎಂದು ಮಾರಿದರೂ ಭೂವಿಜ್ಞಾನದ ಪ್ರಕಾರ ಅದು ಡಾಲರೈಟ್.

ಕೆಲವು ಜ್ವಾಲಾಮುಖಿಗಳು ಶಾಂತವಾಗಿ ಹರಿಯುತ್ತವೆ, ಕೆಲವು ಸಿಡಿಯುತ್ತವೆ. ಏಕೆ?

ಶಿಲಾರಸ ಎಷ್ಟು ಅಂಟು ಮತ್ತು ಅದರಲ್ಲಿ ಎಷ್ಟು ಅನಿಲ ಕರಗಿದೆ ಎಂಬ ಎರಡು ಸಂಗತಿಗಳ ಮೇಲೆ ಇದು ನಿಂತಿದೆ. ಬೆಲ್ಲದ ಪಾಕ ಎಳೆಯದಾಗಿದ್ದಾಗ ಗುಳ್ಳೆಗಳು ಸಲೀಸಾಗಿ ಮೇಲೆದ್ದು ಒಡೆಯುತ್ತವೆ. ಪಾಕ ಗಟ್ಟಿಯಾದಂತೆ ಅವು ಒಳಗೇ ಸಿಕ್ಕಿಕೊಂಡು ಉಬ್ಬಿ ಸಿಡಿಯುತ್ತವೆ. ಶಿಲಾರಸದಲ್ಲೂ ಹೀಗೆಯೇ. ಬಸಾಲ್ಟ್ ಶಿಲಾರಸದಲ್ಲಿ ಸಿಲಿಕಾ ಶೇಕಡಾ 50ರ ಆಸುಪಾಸು, ಉಷ್ಣತೆ 1,000ರಿಂದ 1,200 ಡಿಗ್ರಿ ಸೆಲ್ಸಿಯಸ್. ಅದು ತೆಳುವಾಗಿರುವುದರಿಂದ ಅನಿಲ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ರಯೋಲೈಟ್ ಶಿಲಾರಸದಲ್ಲಿ ಸಿಲಿಕಾ ಶೇಕಡಾ 70ರ ಸುತ್ತಮುತ್ತ, ಉಷ್ಣತೆ 700ರಿಂದ 850 ಡಿಗ್ರಿಯಷ್ಟು ಮಾತ್ರ. ಅದು ಬಸಾಲ್ಟ್‌ಗಿಂತ ಲಕ್ಷಾಂತರ ಪಟ್ಟು ಅಂಟಾಗಿರಬಲ್ಲದು.

ಆಳದಲ್ಲಿ ಒತ್ತಡಕ್ಕೆ ಕರಗಿರುವ ನೀರಾವಿ, ಇಂಗಾಲದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್ ಮುಂತಾದವು ಮೇಲೇರುವಾಗ ಗುಳ್ಳೆಗಳಾಗಿ ಬೇರ್ಪಡುತ್ತವೆ. ಅಂಟಾದ ಶಿಲಾರಸದಲ್ಲಿ ಗುಳ್ಳೆಗಳಿಗೆ ಹೊರದಾರಿ ಸಿಗದೆ, ಅವು ಹಿಗ್ಗುತ್ತಾ ಹೋಗಿ ಶಿಲಾರಸವನ್ನೇ ಚೂರುಚೂರು ಮಾಡುತ್ತವೆ. ಸ್ಫೋಟ ಎಂದರೆ ಇದೇ. ಕೆಲವೊಮ್ಮೆ ಬೆಟ್ಟವೇ ಮುಚ್ಚಳದಂತೆ ಒತ್ತಡವನ್ನು ಹಿಡಿದಿಟ್ಟಿರುತ್ತದೆ. ಅಮೆರಿಕದ ಸೇಂಟ್ ಹೆಲೆನ್ಸ್ ಬೆಟ್ಟದ ಉತ್ತರದ ಪಕ್ಕ 1980ರ ವಸಂತದಲ್ಲಿ ದಿನಕ್ಕೆ ಒಂದೂವರೆ ಮೀಟರ್‌ಗೂ ಹೆಚ್ಚು ಹೊರಕ್ಕೆ ಉಬ್ಬುತ್ತಿತ್ತು. ಮೇ 18ರ ಬೆಳಿಗ್ಗೆ ಭೂಕಂಪದೊಂದಿಗೆ ಆ ಪಕ್ಕ ಪೂರ್ತಿ ಜಾರಿಹೋದಾಗ ಒಳಗಿನ ಒತ್ತಡ ಒಮ್ಮೆಲೇ ಕಳಚಿ, ಸ್ಫೋಟ ಮೇಲಕ್ಕೆ ಹೋಗುವ ಬದಲು ಅಡ್ಡಲಾಗಿ ನುಗ್ಗಿತು. 57 ಜನ ಸತ್ತರು, ಬೆಟ್ಟದ ಎತ್ತರ ಸುಮಾರು 400 ಮೀಟರ್ ಕಡಿಮೆಯಾಯಿತು.

ಜ್ವಾಲಾಮುಖಿಗಳ ಆಕಾರಗಳು ಏಕೆ ಬೇರೆ ಬೇರೆ?

ಹಿಂದಿನ ಉತ್ತರದಿಂದಲೇ ಇದೂ ಹೊರಡುತ್ತದೆ. ತೆಳು ಲಾವಾರಸ ದೂರ ಹರಿಯುವುದರಿಂದ ಮೌನಾ ಲೋಆದಂತಹ, ವಿಶಾಲ ಬುಡದ, ಇಳಿಜಾರು ಕಡಿಮೆಯಿರುವ ಗುರಾಣಿ ಜ್ವಾಲಾಮುಖಿಗಳು ಆಗುತ್ತವೆ. ಲಾವಾರಸ ಮತ್ತು ಬೂದಿ ಪದರದ ಮೇಲೆ ಪದರವಾಗಿ ಕೂತರೆ ಜಪಾನಿನ ಫ್ಯೂಜಿಯಂತಹ ಕಡಿದಾದ ಮಿಶ್ರ ಶಂಕುಗಳು. ಬರೀ ಸುಟ್ಟ ಕಲ್ಲುಚೂರುಗಳು ದ್ವಾರದ ಸುತ್ತ ಬಿದ್ದು ಗುಡ್ಡೆಯಾದರೆ ಕಿಟ್ಟದ ಶಂಕು. ಬ್ಯಾರನ್‌ನ ಕ್ಯಾಲ್ಡೆರಾದೊಳಗಿನ ಶಂಕು ಈ ಬಗೆಯದು. ಹರಿಯಲಾರದಷ್ಟು ಅಂಟಾದ ಲಾವಾರಸ ದ್ವಾರದ ಮೇಲೆಯೇ ಗುಮ್ಮಟವಾಗಿ ಉಬ್ಬುವುದೂ ಉಂಟು.

ಒಂದು ಜ್ವಾಲಾಮುಖಿ ಬೆಳೆಯಲು ಎಷ್ಟು ಕಾಲ ಬೇಕು?

ದೊಡ್ಡ ಜ್ವಾಲಾಮುಖಿಗಳಿಗೆ ಲಕ್ಷಾಂತರ ವರ್ಷ ಬೇಕು, ಆದರೆ ಕಿಟ್ಟದ ಶಂಕು ಒಂದು ವರ್ಷದಲ್ಲೇ ಎದ್ದುನಿಲ್ಲಬಲ್ಲದು. ಮೆಕ್ಸಿಕೊದಲ್ಲಿ 1943ರ ಫೆಬ್ರುವರಿ 20ರಂದು ರೈತ ಡಿಯೊನೀಸಿಯೊ ಪುಲಿಡೊ ಅವರ ಮೆಕ್ಕೆಜೋಳದ ಹೊಲದಲ್ಲಿ ನೆಲ ಬಿರಿದು ಕಲ್ಲು, ಬೂದಿ ಹೊರಬರತೊಡಗಿದವು. ವರ್ಷ ತುಂಬುವಷ್ಟರಲ್ಲಿ ಅಲ್ಲಿ 300 ಮೀಟರ್‌ಗೂ ಎತ್ತರದ ಬೆಟ್ಟವಿತ್ತು. 1952ರಲ್ಲಿ ನಿಂತುಹೋದ ಆ ಜ್ವಾಲಾಮುಖಿಯ ಹೆಸರು ಪರಿಕುಟಿನ್. ಜ್ವಾಲಾಮುಖಿಯೊಂದರ ಹುಟ್ಟಿನಿಂದ ಕೊನೆಯವರೆಗಿನ ಇಡೀ ಜೀವನವನ್ನು ವಿಜ್ಞಾನಿಗಳು ಹತ್ತಿರದಿಂದ ದಾಖಲಿಸಿಕೊಳ್ಳಲು ಸಾಧ್ಯವಾದ ಅಪರೂಪದ ಸಂದರ್ಭ ಅದು.

ಜ್ವಾಲಾಮುಖಿಯಿಂದ ಏಳುವುದು ಹೊಗೆಯೇ?

ಅಲ್ಲ. ಅಲ್ಲಿ ಏನೂ ಉರಿಯುತ್ತಿರುವುದಿಲ್ಲ. ಕಪ್ಪಾಗಿ, ಬೂದುಬಣ್ಣದಲ್ಲಿ ಮೇಲೇಳುವುದು ನೀರಾವಿ, ಅನಿಲಗಳು ಮತ್ತು ಎರಡು ಮಿಲಿಮೀಟರ್‌ಗಿಂತ ಸಣ್ಣದಾದ ಕಲ್ಲು ಹಾಗೂ ಗಾಜಿನ ಚೂರುಗಳ ಮಿಶ್ರಣ. ಬೂದಿ ಎಂದು ಕರೆಯುವ ಈ ವಸ್ತು ಒಲೆಯ ಬೂದಿಯ ಹಾಗೆ ಮೆತ್ತಗಿರುವುದಿಲ್ಲ, ನೀರಿನಲ್ಲಿ ಕರಗುವುದೂ ಇಲ್ಲ. ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶವನ್ನು ಕೆರಳಿಸುತ್ತದೆ, ಮಳೆಗೆ ನೆನೆದರೆ ಬಲು ಭಾರವಾಗಿ ಮನೆಗಳ ಚಾವಣಿಯನ್ನು ಕುಸಿಯುವಂತೆ ಮಾಡುತ್ತದೆ. ವಿಮಾನದ ಎಂಜಿನ್ನಿನ ಶಾಖಕ್ಕೆ ಇದು ಕರಗಿ ಒಳಗೆ ಅಂಟಿಕೊಳ್ಳುತ್ತದೆ. 1982ರ ಜೂನ್‌ನಲ್ಲಿ ಇಂಡೊನೇಷ್ಯಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕ ಬೋಯಿಂಗ್ 747 ವಿಮಾನದ ನಾಲ್ಕೂ ಎಂಜಿನ್‌ಗಳು ಆಕಾಶದಲ್ಲೇ ನಿಂತುಹೋಗಿ, ವಿಮಾನ ಬಹಳ ಕೆಳಕ್ಕೆ ಇಳಿದ ಮೇಲೆ ಮತ್ತೆ ಚಾಲೂ ಆದವು. 2010ರಲ್ಲಿ ಐಸ್‌ಲ್ಯಾಂಡ್‌ನ ಒಂದು ಜ್ವಾಲಾಮುಖಿಯ ಬೂದಿಗಾಗಿ ಯುರೋಪಿನ ವಿಮಾನ ಸಂಚಾರವನ್ನು ದಿನಗಟ್ಟಲೆ ನಿಲ್ಲಿಸಿದ್ದು ಇದೇ ಭಯದಿಂದ.

ಜನರ ಪ್ರಾಣಕ್ಕೆ ಅತಿ ಹೆಚ್ಚು ಅಪಾಯ ಲಾವಾರಸದಿಂದಲೇ?

ಲಾವಾರಸ ಮನೆ, ತೋಟ, ರಸ್ತೆಗಳನ್ನು ನುಂಗುತ್ತದೆ, ಆದರೆ ಹೆಚ್ಚಿನ ಸಂದರ್ಭಗಳಲ್ಲಿ ನಡೆದೇ ಅದರಿಂದ ದೂರ ಹೋಗಬಹುದು. ಪ್ರಾಣ ತೆಗೆಯುವುದರಲ್ಲಿ ಮುಂದಿರುವುದು ಬಿಸಿ ಅನಿಲ, ಬೂದಿ, ಕಲ್ಲುಗಳು ಒಂದಾಗಿ ನೆಲಕ್ಕೆ ಅಂಟಿಕೊಂಡು ಗಂಟೆಗೆ ನೂರು ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಇಳಿದುಬರುವ ಪ್ರವಾಹ. 1902ರ ಮೇ 8ರಂದು ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪದಲ್ಲಿ ಪೆಲೀ ಬೆಟ್ಟದಿಂದ ಬಂದ ಇಂತಹ ಪ್ರವಾಹ ಕೆಲವೇ ನಿಮಿಷಗಳಲ್ಲಿ ಸೇಂಟ್ ಪಿಯರ್ ಪಟ್ಟಣದ ಸುಮಾರು 28,000 ಜನರನ್ನು ಬಲಿ ತೆಗೆದುಕೊಂಡಿತು.

ಕೆಸರಿನ ಪ್ರವಾಹವೂ ಅಷ್ಟೇ ಘೋರ. 1985ರ ನವೆಂಬರ್ 13ರಂದು ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್‌ನಲ್ಲಿ ನಡೆದ ಸ್ಫೋಟ ಗಾತ್ರದಲ್ಲಿ ದೊಡ್ಡದೇನಲ್ಲ. ಆದರೆ ಅದರ ಬಿಸಿಗೆ ಶಿಖರದ ಹಿಮ ಕರಗಿ, ಬೂದಿಯೊಂದಿಗೆ ಬೆರೆತು, ನದಿ ಕಣಿವೆಗಳಲ್ಲಿ ಹತ್ತಾರು ಕಿಲೋಮೀಟರ್ ಹರಿದು ಆರ್ಮೆರೊ ಪಟ್ಟಣವನ್ನು ಹೂತುಹಾಕಿತು. ಸತ್ತವರು ಸುಮಾರು 23,000. ಅಪಾಯದ ನಕ್ಷೆ ಮೊದಲೇ ಸಿದ್ಧವಾಗಿತ್ತು, ಪ್ರವಾಹ ಪಟ್ಟಣ ತಲುಪಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿದಿತ್ತು. ಜನರನ್ನು ಎತ್ತರದ ಜಾಗಕ್ಕೆ ಕಳಿಸಿದ್ದರೆ ಬಹುಮಂದಿ ಉಳಿಯುತ್ತಿದ್ದರು. ಇಂತಹ ಸಾವುಗಳನ್ನು ಪ್ರಕೃತಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸರಿಯಲ್ಲ.

ಜಾಗೃತ, ಸುಪ್ತ, ಲುಪ್ತ ಎಂಬ ವರ್ಗೀಕರಣವನ್ನು ಎಷ್ಟು ನಂಬಬಹುದು?

ಸ್ಥೂಲವಾಗಿ ಮಾತ್ರ. ಈಗ ಉಗುಳುತ್ತಿರುವ ಅಥವಾ ಕಳೆದ ಹತ್ತು ಸಾವಿರ ವರ್ಷಗಳಲ್ಲಿ ಉಗುಳಿರುವುದನ್ನು ಜಾಗೃತ ಎಂದು ಎಣಿಸುವುದು ರೂಢಿ. ಸದ್ಯ ಸುಮ್ಮನಿದ್ದು ಮತ್ತೆ ಏಳಬಹುದಾದದ್ದು ಸುಪ್ತ. ಶಿಲಾರಸದ ಪೂರೈಕೆಯೇ ಕಡಿದುಹೋದದ್ದು ಲುಪ್ತ. ಆದರೆ ಮನುಷ್ಯರ ನೆನಪು ಜ್ವಾಲಾಮುಖಿಯ ಆಯುಷ್ಯದ ಮುಂದೆ ತೀರ ಗಿಡ್ಡ. ಫಿಲಿಪೀನ್ಸ್‌ನ ಪಿನಾಟುಬೊ 1991ಕ್ಕೆ ಮೊದಲು ಸುಮಾರು ಐದು ಶತಮಾನ ಸುಮ್ಮನಿತ್ತು. 1787ರಲ್ಲಿ ಮೊದಲ ಬಾರಿಗೆ ದಾಖಲಾದ ಬ್ಯಾರನ್‌ನ ಚಟುವಟಿಕೆಯೂ ಹತ್ತೊಂಬತ್ತನೆಯ ಶತಮಾನದಲ್ಲಿ ನಿಂತು, ನೂರಕ್ಕೂ ಹೆಚ್ಚು ವರ್ಷಗಳ ನಂತರ 1991ರಲ್ಲಿ ಮರಳಿತು. ಆಮೇಲೆ 1994–95, 2005 ಮತ್ತು 2017 ಸೇರಿದಂತೆ ಹಲವು ಬಾರಿ ಉಗುಳಿದೆ.

ಕರ್ನಾಟಕದಲ್ಲಿ ಎಂದಾದರೂ ಜ್ವಾಲಾಮುಖಿ ಇತ್ತೇ?

ಇತ್ತು, ಬೇರೆ ಬೇರೆ ಯುಗಗಳಲ್ಲಿ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಶಿಲೆಗಳಿವೆ. ಲಾವಾರಸ ನೀರಿನೊಳಗೆ ಹೊರಬಂದು, ಹೊರಮೈ ತಕ್ಷಣ ಹೆಪ್ಪುಗಟ್ಟಿದಾಗ ಮಾತ್ರ ಇಂತಹ ಆಕಾರ ಬರುತ್ತದೆ. ಅಂದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಇಂದಿನ ಒಣ ಚಿತ್ರದುರ್ಗದ ಆ ಜಾಗ ನೀರಿನ ಅಡಿಯಲ್ಲಿತ್ತು. ಉಡುಪಿ ಜಿಲ್ಲೆಯ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಬಹುಭುಜಾಕೃತಿಯ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನವು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಹೊರಬಂದ ಲಾವಾರಸ ತಣಿಯುವಾಗ ಕುಗ್ಗಿ ಬಿರಿದದ್ದರಿಂದ ಅವು ಉಂಟಾದವು. ಇವೆರಡನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದೆ.

ಎಲ್ಲಕ್ಕಿಂತ ದೊಡ್ಡದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖನ್ ಲಾವಾ ಪ್ರವಾಹ. ಅಲ್ಲಿ ಶಂಕುವಿನಾಕಾರದ ಮಹಾಬೆಟ್ಟ ಇರಲಿಲ್ಲ. ಉದ್ದನೆಯ ಬಿರುಕುಗಳಿಂದ ಬಸಾಲ್ಟ್ ಲಾವಾರಸ ಮತ್ತೆ ಮತ್ತೆ ಉಕ್ಕಿ ಹಾಸಿನ ಮೇಲೆ ಹಾಸಾಗಿ ಹರಡಿತು. ಇಂದಿಗೂ ಅದು ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ, ಪಶ್ಚಿಮ ಘಟ್ಟದ ಮಹಾರಾಷ್ಟ್ರದ ಭಾಗದಲ್ಲಿ ಅದರ ದಪ್ಪ ಎರಡು ಕಿಲೋಮೀಟರ್ ಮೀರುತ್ತದೆ. ಅದರ ದಕ್ಷಿಣದ ಅಂಚು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿದೆ. ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿದ್ದು ಈ ಬಸಾಲ್ಟ್ ಕಲ್ಲಿನಿಂದ. ಬೀದರ್‌ನ ಕೆಂಪು ಜಂಬಿಟ್ಟಿಗೆ ಆದದ್ದು ಇದೇ ಬಸಾಲ್ಟ್ ದೀರ್ಘಕಾಲ ಬಿಸಿಲು ಮಳೆಗಳಿಗೆ ಶಿಥಿಲವಾಗಿ. ಜೋಳ, ಹತ್ತಿ, ತೊಗರಿ ಬೆಳೆಯುವ ಆ ಸೀಮೆಯ ಎರೆಮಣ್ಣಿನ ಬಹುಪಾಲು ಹುಟ್ಟಿದ್ದೂ ಇದರಿಂದಲೇ. ಈ ಲಾವಾರಸಕ್ಕೆ ಮೂಲವಾದ ಹಾಟ್‌ಸ್ಪಾಟ್ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ ಎಂಬುದು ಬಹುಮಾನ್ಯ ಅಭಿಪ್ರಾಯ. ಭಾರತ ಉತ್ತರಕ್ಕೆ ಸರಿದು ಬಂದಿದೆ, ರಿಯೂನಿಯನ್‌ನ ಜ್ವಾಲಾಮುಖಿ ಇನ್ನೂ ಉಗುಳುತ್ತಿದೆ.

ನಮ್ಮಲ್ಲಿ ಮತ್ತೆ ಜ್ವಾಲಾಮುಖಿ ಎದ್ದೀತೇ? ಬಿಸಿನೀರಿನ ಬುಗ್ಗೆ ಅದರ ಸೂಚನೆಯೇ?

ಕರ್ನಾಟಕದ ಕೆಳಗೆ ಇಂದು ಫಲಕದ ಗಡಿಯೂ ಇಲ್ಲ, ಹಾಟ್‌ಸ್ಪಾಟೂ ಇಲ್ಲ. ಆದ್ದರಿಂದ ಅಂತಹ ಆತಂಕಕ್ಕೆ ಕಾರಣವಿಲ್ಲ. ಪುತ್ತೂರು ತಾಲ್ಲೂಕಿನ ಬೆಂದ್ರು ತೀರ್ಥದಂತಹ ಬುಗ್ಗೆಗಳಲ್ಲಿ ನೀರು ಬೆಚ್ಚಗಿರುವುದು, ಅದು ಬಿರುಕುಗಳ ಮೂಲಕ ಆಳಕ್ಕೆ ಇಳಿದು ಭೂಮಿಯ ಸಹಜ ಶಾಖವನ್ನು ಪಡೆದು ಮರಳುವುದರಿಂದ.

ಜ್ವಾಲಾಮುಖಿ ಇಡೀ ಭೂಮಿಯ ಹವೆಯನ್ನು ಬದಲಿಸಬಲ್ಲದೇ?

ಕೆಲವು ವರ್ಷಗಳ ಮಟ್ಟಿಗೆ ಬದಲಿಸಬಲ್ಲದು. ಈ ಕೆಲಸ ಮಾಡುವುದು ಬೂದಿಗಿಂತ ಹೆಚ್ಚಾಗಿ ಗಂಧಕದ ಡೈಆಕ್ಸೈಡ್; ಅದು ವಾಯುಮಂಡಲದ ಮೇಲಿನ ಪದರದಲ್ಲಿ ಸೂಕ್ಷ್ಮ ಆಮ್ಲಹನಿಗಳಾಗಿ ಹರಡಿ ಬಿಸಿಲನ್ನು ತಡೆಯುತ್ತದೆ. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ಟಂಬೋರಾ ಸಿಡಿದ ಮರುವರ್ಷ ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಬೇಸಿಗೆಯೇ ಬಾರದೆ ಬೆಳೆಗಳು ನಾಶವಾದವು. ಪಿನಾಟುಬೊ ಸ್ಫೋಟದ ನಂತರ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ತಾತ್ಕಾಲಿಕವಾಗಿ ಇಳಿದಿತ್ತು.

ಸ್ಫೋಟವನ್ನು ಮೊದಲೇ ತಿಳಿಯಲು ಸಾಧ್ಯವೇ?

ಹಲವು ಸಂದರ್ಭಗಳಲ್ಲಿ ಸಾಧ್ಯ. ಶಿಲಾರಸ ಮೇಲೇರುವಾಗ ಬಂಡೆಗಳನ್ನು ಒಡೆಯುವುದರಿಂದ ಸಣ್ಣ ಸಣ್ಣ ಭೂಕಂಪಗಳು ಗುಂಪುಗುಂಪಾಗಿ ಆಗುತ್ತವೆ. ಬೆಟ್ಟದ ಮೈ ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಉಬ್ಬುತ್ತದೆ. ಹೊರಬರುವ ಅನಿಲಗಳ ಪ್ರಮಾಣ ಬದಲಾಗುತ್ತದೆ. ಭೂಕಂಪ ಮಾಪಕ, ಜಿಪಿಎಸ್, ಉಪಗ್ರಹಗಳ ರೇಡಾರ್ ಇವುಗಳನ್ನು ಗುರುತಿಸುತ್ತವೆ. ಪಿನಾಟುಬೊದಲ್ಲಿ 1991ರ ಏಪ್ರಿಲ್‌ನಿಂದ ಈ ಲಕ್ಷಣಗಳನ್ನು ಗಮನಿಸುತ್ತಾ ಬಂದ ಫಿಲಿಪೀನ್ಸ್ ಮತ್ತು ಅಮೆರಿಕದ ವಿಜ್ಞಾನಿಗಳ ಎಚ್ಚರಿಕೆಯ ಮೇರೆಗೆ, ಜೂನ್ 15ರ ಮಹಾಸ್ಫೋಟಕ್ಕೆ ಮೊದಲೇ ಹತ್ತಾರು ಸಾವಿರ ಜನರನ್ನು ಸ್ಥಳಾಂತರಿಸಲಾಯಿತು. ಅಂದೇ ಚಂಡಮಾರುತವೂ ಬಂದು ಬೂದಿ ಮಳೆಯಲ್ಲಿ ನೆಂದದ್ದರಿಂದ ಚಾವಣಿಗಳು ಕುಸಿದು ನೂರಾರು ಜನ ಸತ್ತರಾದರೂ, ಸ್ಥಳಾಂತರದಿಂದ ಉಳಿದ ಜೀವಗಳು ಸಾವಿರಾರು.

ಆದರೆ ಎಲ್ಲ ಬಗೆಯ ಸ್ಫೋಟಗಳಿಗೂ ಇದು ಅನ್ವಯಿಸುವುದಿಲ್ಲ. ಹೊಸ ಶಿಲಾರಸ ಮೇಲ್ಮೈಗೆ ಬರದೆ, ನೆಲದೊಳಗಿನ ನೀರು ಮಾತ್ರ ಥಟ್ಟನೆ ಹಬೆಯಾಗಿ ಸಿಡಿಯುವ ಸಂದರ್ಭಗಳಲ್ಲಿ ಮುನ್ಸೂಚನೆ ಅತ್ಯಲ್ಪ. ಜಪಾನಿನ ಒಂಟಾಕೆ ಬೆಟ್ಟದಲ್ಲಿ 2014ರ ಸೆಪ್ಟೆಂಬರ್ 27ರಂದು ಹಾಗೆಯೇ ಆಯಿತು. ಉಪಕರಣಗಳ ನಿಗಾ ಇದ್ದರೂ ಎಚ್ಚರಿಕೆಯ ಮಟ್ಟ ಅತಿ ಕೆಳಗಿನದೇ ಆಗಿತ್ತು, ಶನಿವಾರವಾದ್ದರಿಂದ ಶಿಖರದ ಬಳಿ ಚಾರಣಿಗರು ತುಂಬಿದ್ದರು, ಮತ್ತು ಸತ್ತವರೂ ಕಾಣೆಯಾದವರೂ ಸೇರಿ 63 ಜನ. ಜಾಗೃತ ಜ್ವಾಲಾಮುಖಿಯ ಕುಂಡದ ಹತ್ತಿರ ಹೋಗುವವರು ಹೆಲ್ಮೆಟ್ ಧರಿಸಬೇಕು, ಆಸರೆಯ ಜಾಗಗಳನ್ನು ಮೊದಲೇ ನೋಡಿಟ್ಟುಕೊಳ್ಳಬೇಕು, ಅಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು ಎಂದು ಹೇಳುವುದು ಈ ಕಾರಣಕ್ಕಾಗಿಯೇ.